ಕೋವಿಯ ಒದೆತದ ಕಥೆ

ಮದ್ದು ತುಂಬಿ ಹಾರಿಸುವ ಆಯುಧಗಳಿಗೆ ಕನ್ನಡದಲ್ಲಿ ಹೆಸರುಗಳು ಹಲವು. ತುಪಾಕಿ ಎಂಬುದು ತುರ್ಕಿ ಭಾಷೆಯ ಮೂಲದಿಂದ ಬಂದದ್ದು. ಬಂದೂಕು ಅರಬ್ಬಿ-ಪಾರಸಿಗಳ ದಾರಿಯಲ್ಲಿ ನಮ್ಮನ್ನು ಸೇರಿತು. ಫಿರಂಗಿ ಎಂಬುದರಲ್ಲಿ ಫ್ರಾಂಕರ, ಎಂದರೆ ಯುರೋಪಿನವರ, ಹೆಸರೇ ಅಡಗಿದೆ. ಪಿಸ್ತೂಲಂತೂ ಹಡಗೇರಿ ಬಂದ ಮಾತು. ಇವುಗಳ ನಡುವೆ ಕೋವಿ ಎಂಬುದು ಮಾತ್ರ ನಮ್ಮ ಮನೆಯ ಮಾತು. ಅದಕ್ಕೆ ಮೊದಲಿನ ಅರ್ಥ ಕೊಳವೆ. ಈ ಹೆಸರಿಟ್ಟವರು ಆಯುಧದ ಮರ್ಮವನ್ನು ಚೆನ್ನಾಗಿಯೇ ಹಿಡಿದಿದ್ದರು. ಒಂದು ತುದಿ ಮುಚ್ಚಿದ, ಇನ್ನೊಂದು ತುದಿ ತೆರೆದ ಕೊಳವೆ. ಒಳಗೆ ಮದ್ದು, ಮುಂದೆ ಗುಂಡು. ಮದ್ದು ಹೊತ್ತಿ ಉಬ್ಬಿದಾಗ ಅದು ಗುಂಡನ್ನು ಮುಂದಕ್ಕೆ ತಳ್ಳುವಂತೆಯೇ ಕೊಳವೆಯ ಮುಚ್ಚಿದ ತುದಿಯನ್ನು ಹಿಂದಕ್ಕೂ ತಳ್ಳುತ್ತದೆ. ಇದನ್ನೇ ನಮ್ಮ ಜನ 'ಕೋವಿ ಒದೆಯುತ್ತದೆ' ಎನ್ನುತ್ತಾರೆ. ಗುಂಡು ಹೋಗಿ ತಾಗಿದ ಕಥೆಯನ್ನು ಇತಿಹಾಸಕಾರರು ಬೇಕಾದಷ್ಟು ಬರೆದಿದ್ದಾರೆ. ಹಿಂದಕ್ಕೆ ಬಿದ್ದ ಈ ಒದೆತದ ಕಥೆಯನ್ನು ಹೇಳಿದವರು ಕಡಮೆ.

ಆ ಕಥೆಯ ಕಡೆಗೆ ನನ್ನ ಗಮನವನ್ನು ಸೆಳೆದವರು ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಆಸಕ್ತಿಯುಳ್ಳ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು. ಇಂದಿನ ಪಿಸ್ತೂಲುಗಳಲ್ಲಿ ನಳಿಗೆಯ ಕೆಳಗೆ ಒಂದು ಸ್ಪ್ರಿಂಗು ಇರುತ್ತದೆ. ಆ ಸ್ಪ್ರಿಂಗಿನ ನಡುವೆ ಒಂದು ಕಡ್ಡಿ. ಅದನ್ನು ಗೈಡ್ ರಾಡ್ ಎನ್ನುತ್ತಾರೆ. ಪಿಸ್ತೂಲಿನೊಡನೆ ಬಂದ ಹಗುರವಾದ ಕಡ್ಡಿಯನ್ನು ತೆಗೆದು, ಅಂಗಡಿಯಿಂದ ಬೇರೆಯಾಗಿ ಕೊಂಡ ಉಕ್ಕಿನ ಅಥವಾ ಟಂಗ್‌ಸ್ಟನ್ನಿನ ಭಾರವಾದ ಕಡ್ಡಿಯನ್ನು ಹಾಕಿದರೆ ಒದೆತ ತಗ್ಗುತ್ತದೆಂದು ಮಾರುವವರು ಹೇಳುತ್ತಾರೆ. ಇದು ನಿಜವೇ ಎಂಬುದು ಅವರ ಪ್ರಶ್ನೆ. ನಾನು ಬದುಕಿನುದ್ದಕ್ಕೂ ಪಾಠ ಹೇಳಿದ್ದು ಕಾವ್ಯವನ್ನು, ಯಂತ್ರಶಾಸ್ತ್ರವನ್ನಲ್ಲ. ಆದರೆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಕಂಡದ್ದು ಸುಮಾರು ಮುನ್ನೂರು ವರ್ಷಗಳ ಒಂದು ದೊಡ್ಡ ವ್ಯವಹಾರ. ಒದೆತವೆಂಬ ಸಾಲವನ್ನು ಮನುಷ್ಯ ಯಾರ ತಲೆಗೆ, ಎಷ್ಟು ಕಂತುಗಳಲ್ಲಿ ಹೊರಿಸಿದನೆಂಬುದೇ ಆ ವ್ಯವಹಾರ.

ಸಾಲ ಎಂದೆ. ಆ ಸಾಲದ ಶಾಸನವನ್ನು ಬರೆದವನು ನ್ಯೂಟನ್. 1687ರಲ್ಲಿ ಪ್ರಕಟವಾದ ತನ್ನ 'ಪ್ರಿನ್ಸಿಪಿಯ' ಗ್ರಂಥದಲ್ಲಿ ಅವನು ಪ್ರತಿಯೊಂದು ಕ್ರಿಯೆಗೂ ಸಮನಾದ ಪ್ರತಿಕ್ರಿಯೆ ಉಂಟೆಂದು ಹೇಳಿದ. ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಮೊತ್ತಕ್ಕೆ ನಮ್ಮ ಪಠ್ಯಪುಸ್ತಕಗಳು ಸಂವೇಗ ಎಂಬ ಹೆಸರು ಕೊಟ್ಟಿವೆ. ಗುಂಡು ಮತ್ತು ಹೊಗೆ ಮುಂದಕ್ಕೆ ಎಷ್ಟು ಸಂವೇಗವನ್ನು ಒಯ್ಯುತ್ತವೆಯೋ ಅಷ್ಟನ್ನೇ ಕೋವಿ ಹಿಂದಕ್ಕೆ ಹೊತ್ತುಕೊಳ್ಳಬೇಕು. ಇದರಲ್ಲಿ ಕಾಸಿನಷ್ಟೂ ರಿಯಾಯಿತಿ ಇಲ್ಲ. ಆದರೆ ಒಂದು ಅನುಕೂಲ ಉಂಟು: ಕೋವಿ ಭಾರವಾದಷ್ಟೂ ಅದು ಹಿಂದೆ ಸರಿಯುವ ವೇಗ ಕಡಮೆ. ತೂಕವೆಂಬುದು ಒದೆತಕ್ಕೆ ಮನುಷ್ಯ ಕಂಡುಕೊಂಡ ಮೊದಲ ಮದ್ದು.

ಹಳೆಯ ಯುದ್ಧನೌಕೆಗಳಲ್ಲಿ ಈ ಮದ್ದನ್ನು ಧಾರಾಳವಾಗಿ ಬಳಸಿದ್ದಾರೆ. 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ನನ ಹಡಗಾದ 'ವಿಕ್ಟರಿ'ಯ ಕೆಳ ಅಂತಸ್ತಿನಲ್ಲಿದ್ದ ತೋಪುಗಳು ಹಾರಿಸುತ್ತಿದ್ದ ಗುಂಡಿನ ತೂಕ 32 ಪೌಂಡು, ಎಂದರೆ ಹದಿನಾಲ್ಕೂವರೆ ಕಿಲೋಗ್ರಾಂ. ತೋಪಿನ ತೂಕವೋ ಎರಡೂವರೆ ಟನ್ನಿಗೂ ಮಿಗಿಲು. ಇಷ್ಟಾದರೂ ಅದು ತನ್ನ ಮರದ ಗಾಡಿಯೊಡನೆ ಹಿಂದಕ್ಕೆ ನುಗ್ಗುತ್ತಿತ್ತು. ಹಡಗಿನ ಪಕ್ಕಕ್ಕೆ ಬಿಗಿದ ದಪ್ಪ ಹಗ್ಗಗಳು ಅದನ್ನು ತಡೆದು ನಿಲ್ಲಿಸಬೇಕಾಗಿತ್ತು. ಅದರ ದಾರಿಯಲ್ಲಿ ನಿಂತ ನಾವಿಕನ ಗತಿಯನ್ನು ವಿವರಿಸಬೇಕಾಗಿಲ್ಲ. ಆದರೆ ಇದೇ ಒದೆತದಿಂದ ಒಂದು ಉಪಯೋಗವೂ ಇತ್ತು. ಬಾಯಿಯಿಂದ ಮದ್ದು ತುಂಬಬೇಕಾದ ತೋಪು ತಾನಾಗಿಯೇ ಒಳಕ್ಕೆ ಸರಿದು ಬಂದು, ಮರಳಿ ತುಂಬುವವರಿಗೆ ಬಾಯೊಡ್ಡಿ ನಿಲ್ಲುತ್ತಿತ್ತು.

ಕಣ್ಣಿಗೆ ಕಾಣುತ್ತಿದ್ದ ಈ ನುಗ್ಗಾಟವನ್ನು ಲೆಕ್ಕಕ್ಕೆ ತರುವ ದಾರಿ ತೋರಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ತೋಪುವಿದ್ಯೆಯ ಹೊಸ ತತ್ತ್ವಗಳನ್ನು ಕುರಿತು ಅವನು ಒಂದು ಗ್ರಂಥವನ್ನು ಪ್ರಕಟಿಸಿದ. ಭಾರವಾದ ಒಂದು ಲೋಲಕವನ್ನು ತೂಗುಹಾಕಿ ಅದಕ್ಕೆ ಗುಂಡು ಹೊಡೆದು, ಲೋಲಕ ಎಷ್ಟು ದೂರ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿಯುವುದು ಅವನ ವಿಧಾನ. ಗುಂಡು ಶಬ್ದಕ್ಕಿಂತಲೂ ವೇಗವಾಗಿ ಹೋಗಬಲ್ಲದೆಂಬುದು ಈ ಸರಳ ಉಪಾಯದಿಂದ ತಿಳಿದುಬಂತು. ಮಹಾಗಣಿತಜ್ಞ ಆಯ್ಲರ್ 1745ರಲ್ಲಿ ಈ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದು, ಮೂಲಕ್ಕಿಂತ ದೊಡ್ಡದಾದ ವ್ಯಾಖ್ಯಾನವನ್ನು ಸೇರಿಸಿದ. ಮುಂದೆ ರಂಫರ್ಡ್ ಎಂಬ ಬಿರುದಿನಿಂದ ಹೆಸರಾದ ಬೆಂಜಮಿನ್ ಥಾಮ್ಸನ್ ಕೋವಿಯನ್ನೇ ತೂಗುಹಾಕಿ, ಅದರ ಹಿಂದೊದೆತವನ್ನು ಅಳೆದು, ಅದರಿಂದ ಗುಂಡಿನ ವೇಗವನ್ನು ಕಂಡುಹಿಡಿದ ಪ್ರಯೋಗಗಳನ್ನು 1781ರಲ್ಲಿ ಪ್ರಕಟಿಸಿದ. ಸಾಲ ಮತ್ತು ಗಳಿಕೆ ಎರಡೂ ಒಂದೇ ಮೊತ್ತವೆಂದಮೇಲೆ, ಯಾವ ಕಡೆಯ ಪುಟವನ್ನು ಓದಿದರೇನು? ರಾಬಿನ್ಸನಿಗೆ ನಮ್ಮ ದಕ್ಷಿಣದೊಡನೆ ಒಂದು ಸಂಬಂಧ ಉಂಟು. ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಭದ್ರಪಡಿಸಲೆಂದು ಬಂದ ಅವನು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ.

ಅವನು ಸತ್ತು ಮೂರು ದಶಕ ಕಳೆಯುವುದರೊಳಗೆ, ಅದೇ ದಕ್ಷಿಣದಲ್ಲಿ, ಒದೆತದ ಸಾಲವನ್ನೇ ಮಾಡದ ಒಂದು ಆಯುಧವನ್ನು ಕಂಪೆನಿಯ ಸೈನ್ಯ ಎದುರಿಸಬೇಕಾಯಿತು. 1780ರ ಪೊಳ್ಳಿಲೂರು ಕದನದಲ್ಲಿ ಹೈದರ್ ಮತ್ತು ಟಿಪ್ಪುವಿನ ಪಡೆಗಳು ಬಳಸಿದ ಮೈಸೂರಿನ ರಾಕೆಟ್ಟು ಅದು. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಿಡಿದು ಬಿದಿರಿನ ಗಳುವಿಗೆ ಕಟ್ಟಿದ ಈ ಬಾಣದಲ್ಲಿ ಕೊಳವೆಯೇ ಹಾರಿಹೋಗುತ್ತದೆ. ಹೊಗೆ ಹಿಂದಕ್ಕೆ, ಬಾಣ ಮುಂದಕ್ಕೆ. ಹಾರಿಸುವವನ ಹೆಗಲಿನ ಮೇಲೆ ಯಾವ ಭಾರವೂ ಇಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಈ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅವುಗಳ ಜಾಡನ್ನು ಹಿಡಿದು ತನ್ನದೇ ರಾಕೆಟ್ಟುಗಳನ್ನು ರೂಪಿಸಿದ ವಿಲಿಯಂ ಕಾಂಗ್ರೀವ್ ಈ ಗುಣವನ್ನು ಎತ್ತಿ ಹೇಳಿದ: ಇದಕ್ಕೆ ಹಿಂದೊದೆತವಿಲ್ಲ, ಆದ್ದರಿಂದ ತೋಪಿನ ಆಘಾತವನ್ನು ತಾಳಲಾರದ ಸಣ್ಣ ದೋಣಿಗಳಿಂದಲೂ ಇದನ್ನು ಹಾರಿಸಬಹುದು. 1806ರಲ್ಲಿ ಬೂಲೋನ್ ಬಂದರಿನ ಮೇಲೆ ಹಾಗೆಯೇ ದೋಣಿಗಳಿಂದ ಹಾರಿಸಿದರು. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೂ ರಾಕೆಟ್ಟುಗಳು ಬಿದ್ದವು. ನಮ್ಮ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, 2018ರಲ್ಲಿ ಒಂದು ಹಾಳು ಬಾವಿಯಿಂದ ಆ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ್ದು ಹಲವರಿಗೆ ನೆನಪಿರಬಹುದು. ಆದರೆ ರಾಕೆಟ್ಟಿನ ದೌರ್ಬಲ್ಯವೂ ಅಲ್ಲಿಯೇ ಇತ್ತು. ಹಾರಿಸಿದವನ ಹಿಡಿತ ತಪ್ಪಿದಮೇಲೆ ಅದು ಎತ್ತ ತಿರುಗುವುದೆಂದು ಹೇಳುವಂತಿರಲಿಲ್ಲ. ಗುರಿ ಬೇಕಾದವರು ತೋಪನ್ನೂ ಅದರ ಒದೆತವನ್ನೂ ಒಪ್ಪಿಕೊಳ್ಳಲೇ ಬೇಕಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎರಡನೆಯ ಮದ್ದು ಸಿಕ್ಕಿತು. ಅದರ ಹೆಸರು ಕಾಲ. ಅದೇ ಸಂವೇಗವನ್ನು ಕ್ಷಣಾರ್ಧದಲ್ಲಿ ತಡೆಯಹೋದರೆ ಬಲವಾದ ಪೆಟ್ಟು. ಸ್ವಲ್ಪ ದೂರ ಸರಿಯಲು ಬಿಟ್ಟು ನಿಧಾನವಾಗಿ ತಡೆದರೆ ತಾಳಬಹುದಾದ ನೂಕು. ಮೇಲಿಂದ ಬಿದ್ದ ಕೊಡವನ್ನು ಹಿಡಿಯುವ ಹೆಂಗಸು ಕೈಯನ್ನು ಕೆಳಕ್ಕೆ ಇಳಿಸುತ್ತ ಹಿಡಿಯುವುದು ಇದೇ ವಿವೇಕದಿಂದ. 1897ರ ಮಾದರಿ ಎಂದು ಹೆಸರಾದ, ಫ್ರಾನ್ಸಿನ ಸೈನ್ಯದ 75 ಮಿಲಿಮೀಟರ್ ತೋಪಿನಲ್ಲಿ ನಳಿಗೆ ಮಾತ್ರ ತನ್ನ ತೊಟ್ಟಿಲ ಮೇಲೆ ಒಂದು ಮೀಟರಿಗೂ ಹೆಚ್ಚು ಹಿಂದಕ್ಕೆ ಜಾರುತ್ತಿತ್ತು. ಎಣ್ಣೆ ಮತ್ತು ಅದುಮಿಟ್ಟ ಗಾಳಿ ಅದನ್ನು ತಡೆದು ಮತ್ತೆ ಸ್ವಸ್ಥಾನಕ್ಕೆ ತರುತ್ತಿದ್ದವು. ಗಾಡಿ ಅಲುಗದು. ಚಕ್ರದ ಮೇಲಿಟ್ಟ ಲೋಟದ ನೀರು ಚೆಲ್ಲದು ಎಂಬ ಮಾತು ಪ್ರಚಾರದಲ್ಲಿತ್ತು. ಮೊದಲಿನ ತೋಪುಗಳನ್ನು ಪ್ರತಿ ಸಲವೂ ನೂಕಿ ತಂದು ಮತ್ತೆ ಗುರಿಯಿಡಬೇಕಾಗಿತ್ತು. ಇದು ಒಂದೇ ನಿಮಿಷದಲ್ಲಿ ಹದಿನೈದು ಸಲ ಹಾರಬಲ್ಲದಾಯಿತು. ತೂಕ ಸುಮಾರು ಒಂದೂವರೆ ಟನ್ ಅಷ್ಟೆ. ತೂಕ ಮಾಡಲಾಗದ ಕೆಲಸವನ್ನು ಕಾಲ ಮಾಡಿತು.

ಒದೆತವನ್ನು ತಡೆಯುವ ಮಾತು ಇದು. ಅದನ್ನು ದುಡಿಸಿಕೊಳ್ಳುವ ಯೋಚನೆ ಇನ್ನೊಬ್ಬನಿಗೆ ಹೊಳೆದಿತ್ತು. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ ಹೈರಂ ಮ್ಯಾಕ್ಸಿಮ್, ಸೈನ್ಯದ ಕೋವಿಯೊಂದನ್ನು ಹಾರಿಸಿದಾಗ ತನ್ನ ಹೆಗಲು ಕಂದಿದ್ದನ್ನು ನೆನೆದು, ವ್ಯರ್ಥವಾಗುವ ಈ ಶಕ್ತಿಯಿಂದಲೇ ಕೋವಿಯನ್ನು ಮರಳಿ ತುಂಬಿಸಬಾರದೇಕೆ ಎಂದು ಯೋಚಿಸಿದುದಾಗಿ ಹೇಳಿಕೊಂಡಿದ್ದಾನೆ. 1884ರ ಹೊತ್ತಿಗೆ ಅವನ ಯಂತ್ರಕೋವಿ ಸಿದ್ಧವಾಯಿತು. ಒಂದು ಗುಂಡಿನ ಒದೆತ ಮುಂದಿನ ಗುಂಡಿಗೆ ದಾರಿ ಮಾಡುತ್ತ ಹೋಯಿತು. ಇದರ ಫಲವನ್ನು ಅನುಭವಿಸಿದವರು ಯಾರು? 1898ರಲ್ಲಿ ಸೂಡಾನಿನ ಓಮ್‌ಡುರ್ಮನ್ನಿನಲ್ಲಿ ಒಂದು ಬೆಳಗಿನ ಹೊತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸೂಡಾನೀಯರು ಮ್ಯಾಕ್ಸಿಮ್ ಕೋವಿ, ತೋಪು, ಬಂದೂಕುಗಳಿಗೆ ಬಲಿಯಾದರು. ಎದುರು ಪಕ್ಷದಲ್ಲಿ ಸತ್ತವರು ಐವತ್ತರೊಳಗೆ. ಒದೆತ ಹೊಡೆಯುವವನ ಹೆಗಲಿನಿಂದ ಇಳಿದಾಗ ಅವನ ಕೈಗಿದ್ದ ಒಂದು ತಡೆಯೂ ಇಳಿದುಹೋಯಿತು. ಫ್ರಾನ್ಸಿನ ಅಲುಗದ ತೋಪಿಗೂ 1914ರಲ್ಲಿ ಇದೇ ಮಾತು ಸಲ್ಲುತ್ತದೆ. ಒದೆತದ ಇತಿಹಾಸ ಓದುವವರು ಇದನ್ನು ಮರೆಯಬಾರದು.

ಮ್ಯಾಕ್ಸಿಮ್ ದೊಡ್ಡ ಯಂತ್ರದಲ್ಲಿ ಮಾಡಿದ್ದನ್ನು ಅಂಗೈಯಲ್ಲಿ ಹಿಡಿಯುವ ಪಿಸ್ತೂಲಿಗೆ ಒಪ್ಪವಾಗಿ ಅಳವಡಿಸಿದವರಲ್ಲಿ ಮುಖ್ಯನಾದವನು ಯೂಟಾ ಪ್ರಾಂತದ ಜಾನ್ ಬ್ರೌನಿಂಗ್. 1911ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ಅವನ ಪಿಸ್ತೂಲು 1985ರವರೆಗೆ ಅಲ್ಲಿ ಅಧಿಕೃತ ಆಯುಧವಾಗಿ ಉಳಿಯಿತು. ಅದರ ಕ್ರಮ ಹೀಗೆ: ಗುಂಡು ಹಾರಿದಾಗ ನಳಿಗೆ ಮತ್ತು ಅದರ ಮೇಲಿನ ಸ್ಲೈಡು ಒಂದಕ್ಕೊಂದು ಕಚ್ಚಿಕೊಂಡು ತುಸು ದೂರ ಹಿಂದೆ ಸರಿಯುತ್ತವೆ. ಬಳಿಕ ನಳಿಗೆಯ ಹಿಂಭಾಗ ಕೆಳಕ್ಕೆ ಬಾಗಿ ಕಚ್ಚು ಬಿಡುತ್ತದೆ. ಸ್ಲೈಡು ಒಂಟಿಯಾಗಿ ಹಿಂದಕ್ಕೆ ಹೋಗಿ, ಖಾಲಿ ತೋಟಾವನ್ನು ಹೊರಗೆಸೆದು, ಸ್ಪ್ರಿಂಗನ್ನು ಅದುಮಿ, ಆ ಸ್ಪ್ರಿಂಗಿನ ನೂಕಿನಿಂದ ಹೊಸ ತೋಟಾವನ್ನು ನಳಿಗೆಗೆ ತಳ್ಳುತ್ತ ಮುಂದಕ್ಕೆ ಬರುತ್ತದೆ. ಈ ಸ್ಪ್ರಿಂಗು ಅದುಮಿದಾಗ ಹಾವಿನಂತೆ ಡೊಂಕಾಗಬಾರದಲ್ಲವೆ? ಅದನ್ನು ನೆಟ್ಟಗೆ ನಿಲ್ಲಿಸುವುದಕ್ಕಾಗಿ ಇರುವುದೇ ಗೈಡ್ ರಾಡ್. ಬ್ರೌನಿಂಗ್ ಅದನ್ನು ಗಿಡ್ಡದಾಗಿಯೇ ಇಟ್ಟಿದ್ದ. ಒದೆತವನ್ನು ತಗ್ಗಿಸುವ ಹೊಣೆಯನ್ನು ಅದಕ್ಕೆ ಒಪ್ಪಿಸಿರಲಿಲ್ಲ. ಉದ್ದನೆಯ, ಭಾರವಾದ ಕಡ್ಡಿಗಳನ್ನು ಬಳಕೆಗೆ ತಂದವರು ಬಹಳ ಕಾಲದ ಮೇಲೆ ಬಂದ ಸ್ಪರ್ಧಾಳುಗಳು.

ಈಗ ಪ್ರಶ್ನೆಯನ್ನು ತಕ್ಕಡಿಗೆ ಹಾಕೋಣ. ಆಸ್ಟ್ರಿಯದ ಸೈನ್ಯ 1982ರಲ್ಲಿ ಸ್ವೀಕರಿಸಿದ ಗ್ಲಾಕ್ ಪಿಸ್ತೂಲನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಒಡಲು ಪ್ಲಾಸ್ಟಿಕ್ಕಿನದು, ಅದರೊಡನೆ ಬಂದ ಕಡ್ಡಿಯೂ ಪ್ಲಾಸ್ಟಿಕ್ಕಿನದೇ. ಹದಿನೇಳು ತೋಟಾ ತುಂಬಿದಾಗ ಅದರ ತೂಕ ಸುಮಾರು 900 ಗ್ರಾಂ. ಎಂಟು ಗ್ರಾಮಿನ ಗುಂಡು ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದುಕೊಂಡರೆ, ಹೊಗೆಯ ಪಾಲನ್ನು ಬದಿಗಿಟ್ಟರೂ ಪಿಸ್ತೂಲು ಸೆಕೆಂಡಿಗೆ 3.2 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಗುಂಡು ಒಯ್ಯುವ ಶಕ್ತಿ 500 ಜೂಲಿಗೂ ಮಿಗಿಲು. ಪಿಸ್ತೂಲಿನ ಪಾಲಿಗೆ ಬಂದದ್ದು ಐದು ಜೂಲಿಗಿಂತ ಕಡಮೆ. ಸಂವೇಗದ ಪಾಲು ಸಮನಾದರೂ ಶಕ್ತಿಯ ಪಾಲು ಸಮನಲ್ಲ. ಅದರಲ್ಲಿ ಹೆಚ್ಚಿನದು ಹಗುರವಾದದ್ದಕ್ಕೇ ಸೇರುತ್ತದೆ. ಹೊಡೆಯುವವನ ಕೈ ಉಳಿದಿರುವುದು ಈ ಪಕ್ಷಪಾತದಿಂದ.

ಇನ್ನು ಕಡ್ಡಿ. ಒಂಬತ್ತು ಸೆಂಟಿಮೀಟರ್ ಉದ್ದ, ಆರು ಮಿಲಿಮೀಟರ್ ದಪ್ಪದ ಒಂದು ಕಡ್ಡಿಯನ್ನು ಕಲ್ಪಿಸಿಕೊಳ್ಳಿ. ಪ್ಲಾಸ್ಟಿಕ್ಕಿನದಾದರೆ ಅದರ ತೂಕ ಮೂರು ನಾಲ್ಕು ಗ್ರಾಂ, ಉಕ್ಕಿನದಾದರೆ ಇಪ್ಪತ್ತು, ಉಕ್ಕಿನ ಎರಡೂವರೆಯಷ್ಟು ಸಾಂದ್ರತೆಯುಳ್ಳ ಟಂಗ್‌ಸ್ಟನ್ನಿನದಾದರೆ ಹೆಚ್ಚೆಂದರೆ ಐವತ್ತು. ಪಿಸ್ತೂಲಿಗೆ ಸೇರಿದ ಹೊಸ ತೂಕ ಸುಮಾರು 45 ಗ್ರಾಂ, ಎಂದರೆ ನೂರಕ್ಕೆ ಐದು. ಹಿಂದೆ ಬರುವ ವೇಗ 3.2 ಮೀಟರಿನಿಂದ ಸುಮಾರು 3.05ಕ್ಕೆ ಇಳಿಯುತ್ತದೆ, ಶಕ್ತಿಯೂ ನೂರಕ್ಕೆ ಐದರಷ್ಟೇ ಇಳಿಯುತ್ತದೆ. ಉಕ್ಕಿನ ಕಡ್ಡಿಯಿಂದಾದರೆ ನೂರಕ್ಕೆ ಎರಡೂ ಆಗದು. ಮಾರುವವನು ಸುಳ್ಳು ಹೇಳಲಿಲ್ಲ. ತಗ್ಗುತ್ತದೆ ಎಂದನೇ ಹೊರತು ಎಷ್ಟು ತಗ್ಗುತ್ತದೆ ಎಂದು ಹೇಳಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನು ಇಡಬೇಕು. ಒಂದು ತೋಟಾದ ತೂಕ ಸುಮಾರು ಹನ್ನೆರಡು ಗ್ರಾಂ. ಮೊದಲ ಗುಂಡಿನಿಂದ ಕೊನೆಯ ಗುಂಡಿನವರೆಗೆ ಹೊಡೆಯುತ್ತ ಹೋದಂತೆ ಪಿಸ್ತೂಲು ತನ್ನ ತೂಕದಲ್ಲಿ ಇನ್ನೂರು ಗ್ರಾಮಿನಷ್ಟನ್ನು ಕಳೆದುಕೊಳ್ಳುತ್ತದೆ. ನಾಲ್ಕು ಗುಂಡು ಹಾರುವಷ್ಟರಲ್ಲಿ ಟಂಗ್‌ಸ್ಟನ್ ಕಡ್ಡಿ ತಂದ ತೂಕವೆಲ್ಲ ಲೆಕ್ಕದಲ್ಲಿ ತೀರಿಹೋಗುತ್ತದೆ. ಕೊನೆಯ ಗುಂಡಿನ ಒದೆತ ಮೊದಲನೆಯದಕ್ಕಿಂತ ನೂರಕ್ಕೆ ಇಪ್ಪತ್ತರಷ್ಟಾದರೂ ಹೆಚ್ಚು. ಈ ಏರಿಕೆ ಹೆಚ್ಚಿನವರ ಗಮನಕ್ಕೆ ಬಾರದೆ ದಾಟಿಹೋಗುವುದಾದರೆ, ನೂರಕ್ಕೆ ಐದರ ಇಳಿಕೆಯ ಬಗೆಗೆ ಹೆಚ್ಚು ಮಾತು ಬೇಡವೆನಿಸುತ್ತದೆ.

ಹಾಗಾದರೆ ಅನುಭವಿಗಳಲ್ಲಿ ಕೆಲವರು ಭೇದ ಕಾಣುತ್ತದೆ ಎನ್ನುವುದು ಬರಿಯ ಭ್ರಮೆಯೆ? ಹಾಗೆಂದರೆ ಅನ್ಯಾಯವಾದೀತು. ಪಿಸ್ತೂಲಿನ ನಳಿಗೆ ಹಿಡಿದ ಕೈಗಿಂತ ಮೇಲಿದೆ. ಆದ್ದರಿಂದ ಒದೆತ ನೇರವಾಗಿ ಹಿಂದಕ್ಕೆ ಬಾರದೆ ನಳಿಗೆಯ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಮುಂದಿನ ಗುಂಡಿಗೆ ಗುರಿ ಹಿಡಿಯುವವನಿಗೆ ತೊಂದರೆ ಕೊಡುವುದು ಹೆಚ್ಚಾಗಿ ಈ ಎತ್ತುವಿಕೆಯೇ. ತಿರುಗುವ ವಸ್ತುವಿನಲ್ಲಿ ತೂಕ ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯ. ತಿರುಗುವ ಬಿಂದುವಿನಿಂದ ದೂರ ಎರಡರಷ್ಟಾದರೆ ಅದು ಒಡ್ಡುವ ತಡೆ ನಾಲ್ಕರಷ್ಟಾಗುತ್ತದೆ. ಗೈಡ್ ರಾಡ್ ಇರುವುದು ನಳಿಗೆಯ ಕೆಳಗೆ, ಹಿಡಿಯ ಮುಂದೆ. ಅದೇ 45 ಗ್ರಾಮನ್ನು ಹಿಡಿಯಲ್ಲಿ ತುಂಬಿದರೆ ಆಗದ ಪ್ರಯೋಜನ ಅಲ್ಲಿ ತುಸುಮಟ್ಟಿಗೆ ಆಗುತ್ತದೆ. ಮೂತಿ ಸ್ವಲ್ಪ ಕಡಮೆ ಏಳುತ್ತದೆ, ಸ್ವಲ್ಪ ಬೇಗ ಗುರಿಗೆ ಮರಳುತ್ತದೆ. ಸ್ಲೈಡು ಹಿಂದಕ್ಕೆ ಹೋಗುವಾಗ ಈ ಕಡ್ಡಿ ಅದರೊಡನೆ ಓಡದೆ ಒಡಲಿನ ಪಕ್ಷದಲ್ಲಿಯೇ ನಿಲ್ಲುವುದರಿಂದ ಯಂತ್ರದ ನಡೆಗೂ ಅಡ್ಡಿಯಾಗುವುದಿಲ್ಲ. ಆದರೆ ಬಿಗಿಯಾದ ಸ್ಪ್ರಿಂಗನ್ನು ಹಾಕಿ ಒದೆತವನ್ನು ಗೆಲ್ಲುತ್ತೇನೆ ಎನ್ನುವವರು ಬೇರೊಂದು ತೊಡಕಿಗೆ ಸಿಗುತ್ತಾರೆ. ಹಿಂದಕ್ಕೆ ಹೋಗುವಾಗ ಸ್ಲೈಡನ್ನು ಹೆಚ್ಚು ತಡೆದ ಸ್ಪ್ರಿಂಗು ಮುಂದಕ್ಕೆ ಬರುವಾಗ ಹೆಚ್ಚು ಜೋರಾಗಿ ಎಸೆಯುತ್ತದೆ, ಆಗ ಮೂತಿ ಕೆಳಕ್ಕೆ ಕುಸಿಯುತ್ತದೆ. ಸಾಲದ ಮೊತ್ತವನ್ನೇ ಇಳಿಸಬೇಕಾದರೆ ಇರುವ ದಾರಿಗಳು ಎರಡೇ: ಮದ್ದನ್ನೋ ಗುಂಡಿನ ತೂಕವನ್ನೋ ಕಡಮೆಮಾಡುವುದು, ಇಲ್ಲವೆ ನಳಿಗೆಯ ತುದಿಯಲ್ಲಿ ಕಿಂಡಿಗಳನ್ನು ಕೊರೆದು ಹೊಗೆಯನ್ನು ಬೇರೆ ದಿಕ್ಕಿಗೆ ತಿರುಗಿಸುವುದು. ಉಳಿದುದೆಲ್ಲ ಹಂಚಿಕೆಯ ಮಾತು.

ತೂಕದಿಂದ ಸಹಾಯವಾಗುವುದು ಸ್ಪರ್ಧೆಗಳ ನಿಯಮ ಬರೆದವರಿಗೂ ತಿಳಿದ ವಿಷಯ. ಒಲಿಂಪಿಕ್ಸಿನ 25 ಮೀಟರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಪಿಸ್ತೂಲಿನ ತೂಕ 1,400 ಗ್ರಾಮನ್ನು ಮೀರಕೂಡದೆಂಬ ಕಟ್ಟಳೆ ಇದೆ. ಅದರ ಶೀಘ್ರಗುರಿ ವಿಭಾಗದ ಅರ್ಹತಾ ಸುತ್ತಿನಲ್ಲಿ ಐದು ಗುರಿಗಳಿಗೆ ಐದು ಗುಂಡುಗಳನ್ನು ಮೊದಲು ಎಂಟು, ಬಳಿಕ ಆರು, ಕೊನೆಗೆ ನಾಲ್ಕೇ ಸೆಕೆಂಡುಗಳಲ್ಲಿ ಹೊಡೆಯಬೇಕು. 2012ರಲ್ಲಿ ಲಂಡನ್ನಿನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿಯ ಪದಕ ಗೆದ್ದದ್ದು ಈ ವಿಭಾಗದಲ್ಲಿ. ಅಲ್ಲಿ ಬಳಸುವುದು ಒದೆತ ಬಹಳ ಕಡಮೆಯಿರುವ ಸಣ್ಣ ತೋಟಾ. ಅಂಥದರಲ್ಲೂ ತೂಕಕ್ಕೆ ಮಿತಿ ಹಾಕಬೇಕಾಯಿತೆಂದರೆ ತೂಕದ ಮಹಿಮೆ ಸಣ್ಣದಲ್ಲ. ಆದರೆ ಅಲ್ಲಿ ಮಾತು ನೂರಾರು ಗ್ರಾಮುಗಳದ್ದು, ಒಂದು ಕಡ್ಡಿಯದ್ದಲ್ಲ. ಮಿತಿಯೊಳಗಿನ ತೂಕವನ್ನೂ ಗಂಟೆಗಟ್ಟಲೆ ಎತ್ತಿ ಹಿಡಿಯಬೇಕಾದ ತೋಳು ಆ ಸಾಲದ ಬಡ್ಡಿಯನ್ನು ಇನ್ನೊಂದು ರೂಪದಲ್ಲಿ ತೆರುತ್ತದೆ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ ಉತ್ತರ ಇಷ್ಟು: ಭಾರವಾದ ಕಡ್ಡಿಯಿಂದ ಒದೆತ ತಗ್ಗುತ್ತದೆ, ಆದರೆ ಅದು ಸೇರಿಸಿದ ಭಾರದಷ್ಟೇ ತಗ್ಗುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಬಯಸುವವರು ಆ ಹಣವನ್ನು ಅಭ್ಯಾಸದ ತೋಟಾಗಳಿಗೆ ಕೊಡುವುದು ಲೇಸು. ಆದರೆ ನಮ್ಮ ಮನಸ್ಸಿನಲ್ಲಿ ಉಳಿಯಬೇಕಾದದ್ದು ಆ ಚಿಕ್ಕ ಕಡ್ಡಿಗಿಂತ ದೊಡ್ಡದು. ಹಡಗಿನ ಹಗ್ಗ, ಮೈಸೂರಿನ ಬಿದಿರು, ಫ್ರಾನ್ಸಿನ ಎಣ್ಣೆ, ಬ್ರೌನಿಂಗನ ಸ್ಪ್ರಿಂಗು, ಇವೆಲ್ಲ ಒಂದೇ ಸಾಲಕ್ಕೆ ಬೇರೆ ಬೇರೆ ಕಾಲದವರು ಹುಡುಕಿದ ಜಾಮೀನುಗಳು. ಯಾವುದೂ ಸಾಲವನ್ನು ಇಲ್ಲವಾಗಿಸಲಿಲ್ಲ. ಹೊಡೆಯುವವನ ಹೆಗಲಿಗೆ ಬೀಳುತ್ತಿದ್ದ ಪೆಟ್ಟು, 'ನೀನು ಮಾಡಿದ್ದು ಇಷ್ಟು' ಎಂದು ಪ್ರತಿ ಸಲವೂ ಅವನಿಗೆ ತಿಳಿಸುತ್ತಿತ್ತು. ಯಂತ್ರ ಜಾಣವಾದಂತೆಲ್ಲ ಆ ತಿಳಿವಳಿಕೆ ಮೆತ್ತಗಾಗುತ್ತ ಬಂತು. ಇಂದು ಒಂದು ಗುಂಡಿಯನ್ನು ಒತ್ತುವವನ ಬೆರಳಿಗೆ ಅದು ತಾಕುವುದೇ ಇಲ್ಲ. ಆದರೂ ನ್ಯೂಟನ್ನನ ಪುಸ್ತಕದಲ್ಲಿ ಲೆಕ್ಕ ಮೊದಲಿನಷ್ಟೇ ಇದೆ.